ಮಾರ್ಕ್ಸ್ ಕಡಿಮೆ ಬಂದವರ ಓದಲ್ಲ ಇದು

ತಪ್ಪು ಕಲ್ಪನೆ: ಓದು ತಲೆಗೆ ಹತ್ತದವರಿಗೆ ಐಟಿಐ, ಡಿಪ್ಲೊಮಾ.

ಹತ್ತನೇ ತರಗತಿ ಫಲಿತಾಂಶ ಬಂದ ವಾರ ಬಳ್ಳಾರಿಯಲ್ಲೂ ಕೇಳಿಬರುವ ಮಾತು, ವಿಜಯವಾಡದಲ್ಲೂ ಕೇಳಿಬರುವ ಮಾತು. ವಿಜಯವಾಡದ ಹತ್ತಿರ ಸೂರಂಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್ ಇದೆ. ನಮ್ಮ ಮೈಸೂರಿನಲ್ಲೂ ಒಂದಿದೆ. ಹತ್ತನೇ ತರಗತಿ ಪಾಸಾದವರಿಗೆ ಈ ಸಂಸ್ಥೆಗಳಲ್ಲಿ ಪ್ಲಾಸ್ಟಿಕ್ ಅಚ್ಚು ತಯಾರಿಕೆಯ ಮೂರು ವರ್ಷದ ಡಿಪ್ಲೊಮಾ ಉಂಟು.

ಅಲ್ಲಿ ಕಲಿಯುವುದೇನು? ಸಿರಿಂಜಿನ ಕೊಳವೆಯನ್ನೇ ನೋಡಿ. ಅದು ಪಾಲಿಪ್ರೊಪಿಲೀನ್. ಕರಗಿಸಿ ಅಚ್ಚಿಗೆ ತುಂಬಿದ್ದು ಆರುತ್ತಾ ಶೇ. 1ರಿಂದ 2.5ರಷ್ಟು ಕುಗ್ಗುತ್ತದೆ. 60 ಮಿ.ಮೀ. ಕೊಳವೆ ಬೇಕೆಂದು 60 ಮಿ.ಮೀ.ಗೇ ಅಚ್ಚು ಕೊರೆದರೆ ಕೈಗೆ ಬರುವುದು ಸುಮಾರು ಒಂದು ಮಿ.ಮೀ. ಗಿಡ್ಡದ ಕೊಳವೆ. ಕುಗ್ಗುವಷ್ಟನ್ನು ಮೊದಲೇ ಲೆಕ್ಕ ಹಾಕಿ ಅಚ್ಚನ್ನು ಅಷ್ಟೇ ದೊಡ್ಡದಾಗಿ ಕೊರೆಯಬೇಕು. ಅಚ್ಚನ್ನು ತಣಿಸುವ ನೀರಿನ ದಾರಿ ಒಂದು ಬದಿಗೆ ಹತ್ತಿರ, ಇನ್ನೊಂದು ಬದಿಗೆ ದೂರವಾದರೆ ಕೊಳವೆ ಸೊಟ್ಟಗಾಗುತ್ತದೆ, ಪ್ಲಂಜರ್ ಸಿಕ್ಕಿಕೊಳ್ಳುತ್ತದೆ. ಇಷ್ಟನ್ನೂ ಉಕ್ಕಿಗೆ ಉಳಿ ತಾಗುವ ಮೊದಲೇ ಯೋಚಿಸಬೇಕಾದ ಕೆಲಸವನ್ನು ದಡ್ಡರ ಪಾಲಿಗೆ ಬರೆದಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ತಪ್ಪು ಕಲ್ಪನೆ: ಕಾರ್ಖಾನೆ ಎಂದರೆ ಮಸಿ, ಬೆವರು.

ವಿಶಾಖಪಟ್ಟಣ ಹಡಗು, ಉಕ್ಕಿನ ಊರು ನಿಜ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದ ವಾಲ್‌ಚಂದ್ ಹೀರಾಚಂದರೇ ಮರುವರ್ಷ ವಿಶಾಖಪಟ್ಟಣದಲ್ಲಿ ಹಡಗು ಕಾರ್ಖಾನೆಗೂ ಕೈಹಾಕಿದರು. 1948ರಲ್ಲಿ ಅಲ್ಲಿ ಕಟ್ಟಿದ ‘ಜಲ ಉಷಾ’ ಹಡಗು ನೀರಿಗಿಳಿಯಿತು. ಆದರೆ ಅದೇ ಊರಿನಲ್ಲಿ 2018ರ ಡಿಸೆಂಬರಿನಲ್ಲಿ ವೈದ್ಯಕೀಯ ಉಪಕರಣಗಳಿಗೆಂದೇ ಆಂಧ್ರಪ್ರದೇಶ ಮೆಡ್‌ಟೆಕ್ ಝೋನ್ ಉದ್ಘಾಟನೆಯಾಯಿತು. ಕೋವಿಡ್ ಕಾಲದಲ್ಲಿ ವೆಂಟಿಲೇಟರುಗಳೂ ಆರ್‌ಟಿ-ಪಿಸಿಆರ್ ಕಿಟ್‌ಗಳೂ ಅಲ್ಲಿ ತಯಾರಾದವು. ರೋಗಿಯ ಮೈಗೆ ತಾಗುವ ವಸ್ತು ಮಾಡುವ ಕಡೆ ಮಸಿಯಿರಲಿ, ಧೂಳನ್ನೂ ಒಳಗೆ ಬಿಡುವುದಿಲ್ಲ.

ತಪ್ಪು ಕಲ್ಪನೆ: ರೋಬೋಟ್ ಬಂದ ಮೇಲೆ ಕೆಲಸ ಎಲ್ಲಿ ಉಳಿಯುತ್ತದೆ?

ಇದರಲ್ಲಿ ಅರ್ಧ ನಿಜವಿದೆ. ಬಿಡಿಭಾಗ ಎತ್ತಿಡುವ, ಒಂದೇ ಬೋಲ್ಟ್ ದಿನವಿಡೀ ಬಿಗಿಯುವ ಕೆಲಸಗಳು ಕಡಿಮೆಯಾಗುತ್ತವೆ. ಆದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಟೂಲ್ ಸವೆದು ಅಳತೆ 0.02 ಮಿ.ಮೀ. ಜಾರಿದ್ದನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಯಂತ್ರದಲ್ಲಿ ಟೂಲಿನ ಅಳತೆ (ಆಫ್‌ಸೆಟ್) ತಿದ್ದುವವರು, ಕೆಟ್ಟ ಸೆನ್ಸರ್ ಯಾವುದೆಂದು ಹುಡುಕುವವರು ಬೇಕೇ ಬೇಕು. ಕಲಿಯಬೇಕಾದ್ದು ಆ ಕೆಲಸವನ್ನು.

ತಪ್ಪು ಕಲ್ಪನೆ: ಡಿಪ್ಲೊಮಾಕ್ಕೆ ಸೇರಿದರೆ ಓದು ಅಲ್ಲಿಗೆ ಮುಗಿಯಿತು, ಹುಡುಗಿಯರಿಗಂತೂ ಬೇಡವೇ ಬೇಡ.

ಡಿಪ್ಲೊಮಾ ಮುಗಿಸಿದವರು ಆಂಧ್ರದಲ್ಲಿ ಇಸೆಟ್, ಕರ್ನಾಟಕದಲ್ಲಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ಡಿಪ್ಲೊಮಾ ಓದುವ ಅರ್ಹ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ.

ಹಾಗೆಂದು ಐಟಿಐ, ಡಿಪ್ಲೊಮಾ ಎಂದು ಬೋರ್ಡ್ ಹಾಕಿಕೊಂಡ ಸಂಸ್ಥೆಗಳೆಲ್ಲ ಒಂದೇ ಮಟ್ಟದವಲ್ಲ. ಶುಲ್ಕ ಕಟ್ಟುವ ಮೊದಲು ವರ್ಕ್‌ಶಾಪ್ ತೋರಿಸಿ ಎಂದು ಕೇಳಿ. ಎಷ್ಟು ಯಂತ್ರ ಓಡುತ್ತಿವೆ, ಒಂದೊಂದಕ್ಕೆ ಎಷ್ಟು ಮಕ್ಕಳು, ಅಪ್ರೆಂಟಿಸ್‌ಶಿಪ್‌ಗೆ ಯಾವ ಕಾರ್ಖಾನೆಗೆ ಕಳಿಸುತ್ತಾರೆ ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ವಿಚಾರಿಸಿ.