ಕಲ್ನಾರಿನ ಕ್ಯಾನ್ಸರ್: ರಕ್ತಪರೀಕ್ಷೆಯೊಂದೇ ಸಾಕೆ?

ಕೊಟ್ಟಿಗೆಗೆ, ಸೌದೆ ಕೋಣೆಗೆ, ಬಚ್ಚಲಿಗೆ ಸಿಮೆಂಟ್ ಶೀಟು ಹೊದಿಸುವುದು ನಮ್ಮ ಕಡೆ ಬಹುಕಾಲದ ರೂಢಿ. ಹುಲ್ಲಿನ ಮಾಡಿನಂತೆ ವರ್ಷ ವರ್ಷ ಹೊದಿಸುವ ಕಷ್ಟವಿಲ್ಲ. ಈ ಶೀಟುಗಳಿಗೆ ಬಲ ಬರಲೆಂದು ಸಿಮೆಂಟಿನೊಡನೆ ಬೆರೆಸುತ್ತ ಬಂದಿರುವ ನಾರೇ ಆಸ್‌ಬೆಸ್ಟಾಸ್, ಅಂದರೆ ಕಲ್ನಾರು. ಇದು ನೆಲದಿಂದ ಅಗೆದು ತೆಗೆಯುವ ಖನಿಜ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು. ದೇಹದೊಳಗೆ ಸೇರಿದಾಗ ಈ ಗುಣವೇ ನಮಗೆ ಮುಳುವಾಗುತ್ತದೆ.

ಶೀಟನ್ನು ಕೊಯ್ಯುವಾಗ, ಕೊರೆಯುವಾಗ, ಒಡೆಯುವಾಗ ಕಣ್ಣಿಗೆ ಕಾಣದ ನಾರುಗಳು ಧೂಳಿನೊಡನೆ ಏಳುತ್ತವೆ. ಉಸಿರಿನಲ್ಲಿ ಒಳಹೋದ ನಾರು ಶ್ವಾಸಕೋಶದಲ್ಲಿ ಉಳಿದುಬಿಡಬಹುದು. ಅದರಿಂದ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಶ್ವಾಸಕೋಶವನ್ನು ಸುತ್ತಿರುವ ತೆಳುಪೊರೆಗೂ ಕ್ಯಾನ್ಸರ್ ತಗಲಬಹುದು. ಎರಡನೆಯದರ ಹೆಸರು ಮೀಸೋಥೀಲಿಯೋಮಾ. 1960ರಲ್ಲಿ ವಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕದ 33 ರೋಗಿಗಳ ವಿವರ ಪ್ರಕಟಿಸಿ, ಕಲ್ನಾರಿಗೂ ಈ ರೋಗಕ್ಕೂ ಇರುವ ನಂಟನ್ನು ತೋರಿಸಿಕೊಟ್ಟರು.

ಧೂಳು ಒಳಹೋಗಿ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಕಳೆದ ಮೇಲೆ ರೋಗ ತಲೆದೋರುತ್ತದೆ. ಏದುಸಿರು, ಎದೆನೋವು, ಎದೆಯಲ್ಲಿ ನೀರು ತುಂಬುವುದು ಇದರ ಲಕ್ಷಣಗಳು. ಇವು ಕಾಣಿಸುವ ಹೊತ್ತಿಗೆ ರೋಗ ಹೆಚ್ಚಾಗಿ ಬಲಿತಿರುತ್ತದೆ.

ಹಾಗಾದರೆ ರಕ್ತ ಪರೀಕ್ಷಿಸಿ ಮೊದಲೇ ತಿಳಿಯಲಾಗದೆ? ಪಶ್ಚಿಮ ಆಸ್ಟ್ರೇಲಿಯದ ವಿಟ್ಟನೂಮ್‌ನಲ್ಲಿದ್ದ ನೀಲಿ ಕಲ್ನಾರಿನ ಗಣಿ 1966ರಲ್ಲಿ ಮುಚ್ಚಿದರೂ ಅಲ್ಲಿ ದುಡಿದವರು ಮುಂದೆ ದಶಕಗಳ ಕಾಲ ಈ ರೋಗಕ್ಕೆ ಬಲಿಯಾದರು. ಅದೇ ರಾಜ್ಯದ ಪರ್ತ್ ನಗರದ ಬ್ರೂಸ್ ರಾಬಿನ್ಸನ್ ಮತ್ತು ಸಂಗಡಿಗರು 2003ರಲ್ಲಿ ಒಂದು ದಾರಿ ತೋರಿಸಿದರು. ಗೆಡ್ಡೆಯಿಂದ ರಕ್ತಕ್ಕೆ ಸೇರುವ ಮೀಸೋಥೀಲಿನ್ ಎಂಬ ಪ್ರೋಟೀನು 44 ರೋಗಿಗಳಲ್ಲಿ 37 ಮಂದಿಗೆ ಹೆಚ್ಚಿತ್ತು. ಕಲ್ನಾರಿನ ಸಂಪರ್ಕವಿದ್ದೂ ಆರೋಗ್ಯವಾಗಿದ್ದ 40 ಮಂದಿಯಲ್ಲಿ 7 ಮಂದಿಗೆ ಅದು ಏರಿತ್ತು. ಅವರಲ್ಲಿ ಮೂವರಿಗೆ ಮುಂದೆ ಮೀಸೋಥೀಲಿಯೋಮಾ ಬಂತು. ಬಳಿಕ ಅಮೆರಿಕದ ಹಾರ್ವಿ ಪಾಸ್ ತಂಡ 2005ರಲ್ಲಿ ಆಸ್ಟಿಯೋಪಾಂಟಿನ್, 2012ರಲ್ಲಿ ಫಿಬ್ಯುಲಿನ್-3 ಎಂಬ ಇನ್ನೆರಡು ಸೂಚಕಗಳನ್ನು ಮುಂದಿಟ್ಟಿತು.

ಆದರೆ ಆಶೆ ಪೂರ್ತಿ ಕೈಗೂಡಲಿಲ್ಲ. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ರೋಗವಿಲ್ಲದ 100 ಮಂದಿಯಲ್ಲಿ ಐವರಿಗಿಂತ ಹೆಚ್ಚಿನವರನ್ನು ತಪ್ಪಾಗಿ ರೋಗಿಗಳೆನ್ನಬಾರದು ಎಂಬ ಕಟ್ಟುನಿಟ್ಟು ಇಟ್ಟರೆ, ಆರಂಭದ ಹಂತದ 100 ರೋಗಿಗಳಲ್ಲಿ ಮೀಸೋಥೀಲಿನ್ ಗುರುತಿಸುವುದು ಸುಮಾರು 32 ಮಂದಿಯನ್ನು ಮಾತ್ರ. ಮೂತ್ರಪಿಂಡ ದುರ್ಬಲವಾದರೆ ರೋಗವಿಲ್ಲದೆಯೂ ಈ ಪ್ರೋಟೀನು ಏರುತ್ತದೆ. ಆದುದರಿಂದ ಫಲಿತಾಂಶ ಕಡಿಮೆ ಬಂತೆಂದು ನಿಶ್ಚಿಂತರಾಗುವಂತಿಲ್ಲ, ಹೆಚ್ಚು ಬಂತೆಂದು ಎದೆಗುಂದಬೇಕಾಗಿಯೂ ಇಲ್ಲ. ಈ ಪರೀಕ್ಷೆಯ ಮುಖ್ಯ ಉಪಯೋಗ, ರೋಗ ಖಚಿತವಾದವರಲ್ಲಿ ಅದರ ಏರಿಳಿತ ಗಮನಿಸುವುದು. ರೋಗ ನಿರ್ಧಾರಕ್ಕೆ ಸಿ.ಟಿ. ಸ್ಕ್ಯಾನ್ ಮತ್ತು ಪೊರೆಯ ತುಣುಕು ತೆಗೆದು ನೋಡುವ ಬಯಾಪ್ಸಿಯೇ ಆಧಾರ.

ಪೇಟೆಯಲ್ಲಿ ದುಬಾರಿ ರಕ್ತಪರೀಕ್ಷೆಗೆ ಓಡುವ ಮೊದಲು ನಾವು ಮಾಡಬಹುದಾದ ಕೆಲಸಗಳಿವೆ:

1. ಮುಂಬಯಿಯ ಕಾರ್ಖಾನೆ, ಕೊಲ್ಲಿ ರಾಷ್ಟ್ರಗಳ ಕಟ್ಟಡ ಕೆಲಸ, ಹಡಗುಕಟ್ಟೆಗಳಲ್ಲಿ ದುಡಿದು ಬಂದವರು ನಮ್ಮಲ್ಲಿದ್ದಾರೆ. ಏದುಸಿರು, ಎದೆನೋವು ಬಂದರೆ ಎಷ್ಟೋ ವರ್ಷಗಳ ಹಿಂದಿನ ಆ ಕೆಲಸದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

2. ಕೆಲಸದ ದಾಖಲೆಗಳನ್ನು ಜೋಪಾನವಾಗಿಡಬೇಕು. ಕಲ್ನಾರಿನ ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಆದೇಶಿಸಿದೆ.

3. ಹಳೆಯ ಶೀಟು ಗಟ್ಟಿಯಾಗಿದ್ದರೆ ಕೆದಕದೆ ಬಿಡುವುದು ಲೇಸು. ತೆಗೆಯಲೇಬೇಕಾದರೆ ನೀರು ಚಿಮುಕಿಸಿ, ಒಡೆಯದೆ ಇಳಿಸಬೇಕು. ತುಂಡುಗಳನ್ನು ಪುಡಿಮಾಡಿ ಅಂಗಳಕ್ಕೆ, ಕೊಟ್ಟಿಗೆಗೆ ಹಾಸಬಾರದು.

4. ಧೂಳಿನ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು. ಗಂಡನ ಕೆಲಸದ ಬಟ್ಟೆ ಒಗೆದ ಹೆಂಗಸರಿಗೂ ಈ ರೋಗ ಬಂದದ್ದುಂಟು.

5. ಬೀಡಿ, ಸಿಗರೇಟು ಬಿಡಬೇಕು. ಕಲ್ನಾರು ಮತ್ತು ಹೊಗೆ ಜತೆಗೂಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ.

ಶರೀರ ದೇವರು ಕೊಟ್ಟ ವರದಾನ. ದುಡಿದು ದಣಿದು ಊರಿಗೆ ಮರಳಿದ ಹಿರಿಯರು ಕೆಮ್ಮುತ್ತಾ ಮೂಲೆಯಲ್ಲಿ ಕುಳಿತಿದ್ದರೆ ಅದನ್ನು ಮುಪ್ಪಿನ ಕೆಮ್ಮೆಂದು ತಳ್ಳಿಹಾಕದಿರೋಣ. ‘ಹಿಂದೆ ಯಾವ ಕೆಲಸ ಮಾಡುತ್ತಿದ್ದಿರಿ?’ ಎಂದು ಒಮ್ಮೆ ಕೇಳೋಣ. ವೈದ್ಯರ ಬಳಿಗೆ ನಾವೇ ಕರೆದೊಯ್ಯೋಣ.