ಸಿಹಿ ವೈನ್: ಔಷಧಿಯಲ್ಲ, ಊಟದ ಕೊನೆಯ ರುಚಿ

ಕ್ರಿಸ್ಮಸ್ ಹತ್ತಿರ ಬಂದಂತೆ ನಮ್ಮ ಎಷ್ಟೋ ಮನೆಗಳಲ್ಲಿ ಕೇಕು, ಕರ್ಜಿಕಾಯಿಗಳ ಜೊತೆಗೆ ವೈನಿನ ಮಾತೂ ಬರುತ್ತದೆ. ಪೆದ್ದಕಡುಬೂರು, ಆದೋನಿ ಕಡೆಯ ನಮ್ಮದು ಹತ್ತಿ, ಶೇಂಗಾ, ಜೋಳದ ಸೀಮೆ, ದ್ರಾಕ್ಷಿಯ ಸೀಮೆಯಲ್ಲ. ಆದರೂ ಬೆಂಗಳೂರಿಗೆ ದುಡಿಯಲು ಹೋದವರು ಹಬ್ಬಕ್ಕೆ ಬರುವಾಗ ‘ಪೋರ್ಟ್ ವೈನ್’ ಎಂಬ ಸಿಹಿ ವೈನಿನ ಬಾಟಲಿ ತರುವುದುಂಟು. “ಇದು ಸಾರಾಯಿಯಲ್ಲ, ದ್ರಾಕ್ಷಿ ರಸ; ಕುಡಿದರೆ ರಕ್ತ ಆಗುತ್ತದೆ” ಎಂದು ಬಾಣಂತಿಗೂ ಮಕ್ಕಳಿಗೂ ಕೊಡುವುದೂ ಉಂಟು. ಇಲ್ಲಿಯೇ ನಾವು ತಪ್ಪುತ್ತೇವೆ.

ಈ ವೈನಿನ ಮೂಲ ಪೋರ್ಚುಗಲ್ ದೇಶದ ಡೌರೋ ನದಿಯ ಕಣಿವೆ. 1756ರಲ್ಲಿಯೇ ಅಲ್ಲಿನ ದ್ರಾಕ್ಷಿ ತೋಟಗಳಿಗೆ ಗಡಿ ಗುರುತಿಸಲಾಯಿತು. ದ್ರಾಕ್ಷಿ ರಸ ಹುಳಿಯುವಾಗ ಯೀಸ್ಟ್ ಅದರ ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಮಾಡುತ್ತದೆ. ಸಕ್ಕರೆ ಅರ್ಧ ಉಳಿದಿರುವಾಗಲೇ, ಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲಿನಂತೆ ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಮದ್ಯವನ್ನು ಸೇರಿಸುತ್ತಾರೆ. ಆಗ ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಮದ್ಯಸಾರ ಶೇ. 20ರ ಹತ್ತಿರಕ್ಕೆ ಏರುತ್ತದೆ. ಸಾಮಾನ್ಯ ವೈನಿನಲ್ಲಿ ಇರುವುದು ಶೇ. 12-13 ಮಾತ್ರ.

ನಮಗೆ ಹತ್ತಿರದ ಹಣ್ಣೆಂದರೆ ‘ಬೆಂಗಳೂರು ನೀಲಿ’ ದ್ರಾಕ್ಷಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರು ಬೆಳೆಯುವ ಈ ಕಪ್ಪು ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಕರ್ನಾಟಕದಲ್ಲಿ ಸಿಹಿ ವೈನಿಗೂ ಇದನ್ನು ಬಳಸುತ್ತಾರೆ. ರೈತನ ಬೆವರಿನ ಫಲವಾದ ಇಂಥ ವೈನನ್ನು ಹಬ್ಬದ ದಿನ ಸವಿಯುವುದು ಪಾಪವೇನಲ್ಲ. ಆದರೆ ಲೆಕ್ಕ ತಿಳಿದಿರಬೇಕು.

ಶೇ. 20ರ ಸಿಹಿ ವೈನ್ 60 ಮಿ.ಲೀ. ಕುಡಿದರೆ 12 ಮಿ.ಲೀ. ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. 30 ಮಿ.ಲೀ. ಬ್ರಾಂದಿಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ! ಜೊತೆಗೆ ಸುಮಾರು 6 ಗ್ರಾಂ, ಅಂದರೆ ಒಂದೂವರೆ ಚಮಚೆ ಸಕ್ಕರೆ. ಸಿಹಿಯು ಖಾರವನ್ನು ಮರೆಮಾಡುವುದರಿಂದ ಲೋಟದ ಮೇಲೆ ಲೋಟ ಇಳಿದರೂ ತಿಳಿಯದು. ಮನೆಯಲ್ಲೇ ಭರಣಿಯಲ್ಲಿ ಹುಳಿಸಿ, ಕೊನೆಗೆ ಬ್ರಾಂದಿ ಸುರಿದ ವೈನಾದರೆ ಎಷ್ಟು ಬಲವಿದೆ ಎಂಬುದೇ ಗೊತ್ತಾಗದು.

ಇನ್ನು ರಕ್ತದ ಮಾತು. ವೈನಿನ ಕೆಂಪು ದ್ರಾಕ್ಷಿಯ ಸಿಪ್ಪೆಯದು. ರಕ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ರಕ್ತಹೀನತೆಗೆ ಬೇಕಾದುದು ಸೊಪ್ಪು, ಕಾಳು, ಮೊಟ್ಟೆ, ಮಾಂಸ ಮತ್ತು ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಮಕ್ಕಳಿಗೆ ಒಂದು ಚಮಚೆಯೂ ಬೇಡ. ಸಕ್ಕರೆ ಕಾಯಿಲೆಯವರು, ಯಕೃತ್ತಿನ ತೊಂದರೆಯವರು, ಕುಡಿತ ಬಿಟ್ಟವರು ದೂರವೇ ಇರಲಿ. ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಸಂತ ಪೌಲರು ತಿಮೊಥೆಯನಿಗೆ ವೈನ್ ಹೇಳಲಿಲ್ಲವೇ ಎಂದು ಕೇಳುವವರಿದ್ದಾರೆ. ಅವರು ಹೇಳಿದ್ದು ‘ಸ್ವಲ್ಪ’ ಎಂದು; ಆ ಪದವನ್ನು ನಾವು ಮರೆಯುತ್ತೇವೆ.

ಹಾಗಾದರೆ ಸವಿಯುವುದು ಹೇಗೆ? ಬಾಟಲಿಯ ಚೀಟಿಯಲ್ಲಿ ಶೇಕಡಾ ಎಷ್ಟೆಂದು ಮೊದಲು ಓದಿರಿ. ಎಲ್ಲ ಬಾಟಲಿಗಳೂ ಒಂದೇ ಅಲ್ಲ. ಹಸಿದ ಹೊಟ್ಟೆಯಲ್ಲಿ ಬೇಡ. ಹಬ್ಬದ ಊಟ ಮುಗಿದ ಮೇಲೆ ಚಿಕ್ಕ ಲೋಟದಲ್ಲಿ ಅರ್ಧ, ಒಂದು ತುಂಡು ಕೇಕಿನೊಡನೆ, ಮಾತನಾಡುತ್ತಾ ಗುಟುಕು ಗುಟುಕಾಗಿ ಕುಡಿಯಿರಿ. ಎರಡನೆಯ ಲೋಟ ಬೇಡ. ಆಮೇಲೆ ಮೋಟಾರ್ ಸೈಕಲ್ ಹತ್ತುವುದೂ ಬೇಡ. ತೆರೆದ ಬಾಟಲಿಯನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ರುಚಿ ಕೆಡದು. ಒಂದೇ ರಾತ್ರಿಯಲ್ಲಿ ಮುಗಿಸಬೇಕೆಂಬ ಅವಸರವಿಲ್ಲ.

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ತಾಯಂದಿರು ಸಾರಾಯಿಯ ವಿರುದ್ಧ ಎದ್ದು ನಿಂತರು. ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಂತಿತು. ಕುಡಿತ ಮನೆಯನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಆ ತಾಯಂದಿರು ಕಂಡಿದ್ದರು. ಸಾರಾಯಿಯನ್ನು ಹೊರಗೆ ಕಳಿಸಿದ ಬಾಗಿಲಿನಿಂದ, ಸಿಹಿ ಎಂಬ ಹೆಸರಿನಲ್ಲಿ ಮತ್ತೊಂದು ಚಟ ಒಳಗೆ ಬರದಂತೆ ನಾವು ಎಚ್ಚರವಾಗಿರೋಣ. ಹಬ್ಬದ ಸವಿ ಹಬ್ಬಕ್ಕೇ ಇರಲಿ.