ಸೂರ್ಯನ ಲೆಕ್ಕದ ಏಳು ಗ್ರಾಂ

ಸಾವಿರ ಗ್ರಾಂ ಸರಕಿನಲ್ಲಿ ಏಳು ಗ್ರಾಂ ಕಡಿಮೆ ಬಿದ್ದರೆ ಉಗ್ರಾಣದ ಗುಮಾಸ್ತನು ಅದನ್ನು ಗಣನೆಗೆ ತಾರದೆ ಪುಟ ಮಗುಚುವನು. ಸೂರ್ಯನ ಉಗ್ರಾಣದಲ್ಲಿಯೂ ಇಷ್ಟೇ ಕೊರತೆ. ಅಲ್ಲಿ ಸಾವಿರ ಗ್ರಾಂ ಜಲಜನಕವು ಹೀಲಿಯಂ ಆಗುವಾಗ ಉಳಿಯುವುದು ಸುಮಾರು 993 ಗ್ರಾಂ. ಆದರೆ ನಮ್ಮ ಹಗಲೆಲ್ಲವೂ ಆ ಏಳು ಗ್ರಾಮಿನಿಂದಲೇ ಹುಟ್ಟಿದೆಯೆಂಬುದನ್ನು ವಾಚಕರು ಗಮನಿಸಬೇಕು.

ದ್ರವ್ಯವೂ ಶಕ್ತಿಯೂ ಒಂದೇ ವಸ್ತುವಿನ ಎರಡು ರೂಪಗಳೆಂದು 1905ರಲ್ಲಿ ಐನ್‌ಸ್ಟೈನರು ತೋರಿಸಿಕೊಟ್ಟರು. ಆ ಲೆಕ್ಕದಂತೆ ಏಳು ಗ್ರಾಂ ದ್ರವ್ಯವೆಂದರೆ ಹದಿನೇಳು ಕೋಟಿ ಯೂನಿಟ್ಟಿಗೂ ಮಿಕ್ಕ ವಿದ್ಯುತ್ತಿಗೆ ಸಮ!

ಜಲಜನಕದ ಪರಮಾಣು ಬೀಜಗಳು ಸಹಜವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಎರಡರಲ್ಲಿಯೂ ಇರುವುದು ಧನವಿದ್ಯುತ್ತೇ. ಸೂರ್ಯಗರ್ಭದಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿ ತಾಪ ಮತ್ತು ಅಪಾರ ಒತ್ತಡ. ಅಲ್ಲಿ ಕೆಲವು ಬೀಜಗಳು ತೀರ ಸಮೀಪಕ್ಕೆ ಬಂದು, ಅತಿ ಕಿರಿದಾದ ದೂರದಲ್ಲಿ ಮಾತ್ರ ಎಳೆಯುವ ಪ್ರಬಲ ಶಕ್ತಿಯ ಹಿಡಿತಕ್ಕೆ ಸಿಕ್ಕಿ, ಬಿಗಿಯಾಗಿ ಬೆಸೆಯುತ್ತವೆ. ಹೀಗೆ ಹಂತಹಂತವಾಗಿ ನಾಲ್ಕು ಬೀಜಗಳಿಂದ ಹೀಲಿಯಮಿನ ಒಂದು ಬೀಜವಾಗುವುದು. ಬೆಸುಗೆಯಲ್ಲಿ ಹೊರಬಿದ್ದ ಶಕ್ತಿಯಷ್ಟೇ ತೂಕ ಇಳಿಯುವುದು. ಸೂರ್ಯನು ಈ ಬಗೆಯಾಗಿ ಕ್ಷಣಕ್ಷಣಕ್ಕೂ, ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ದ್ರವ್ಯವನ್ನು ಬೆಳಕಾಗಿ ದಾನ ಮಾಡುತ್ತಿದ್ದಾನೆ. ಇದಕ್ಕೆ ಬೈಜಿಕ ಸಂಲಯನವೆಂದು ಹೆಸರು.

ಭೂಮಿಯ ಮೇಲೆ ಸೂರ್ಯನ ಒತ್ತಡವಿಲ್ಲ. ಆದುದರಿಂದ ಡ್ಯೂಟೀರಿಯಂ, ಟ್ರೀಟಿಯಂ ಎಂಬ ಜಲಜನಕದ ಭಾರವಾದ ರೂಪಗಳನ್ನು ಹತ್ತು ಕೋಟಿ ಡಿಗ್ರಿಗೂ ಮೀರಿ ಕಾಯಿಸಬೇಕು. ಯಾವ ಪಾತ್ರೆಯೂ ಆ ಬಿಸಿಯನ್ನು ತಾಳದು. ಕಾಂತಬಲದಿಂದಲೇ ಅದನ್ನು ಗೋಡೆಗೆ ತಾಗದಂತೆ ಹಿಡಿದಿಡಬೇಕು. ಗಾಂಧಿನಗರದ 'ಆದಿತ್ಯ' ಯಂತ್ರವು 1989ರಲ್ಲಿ ಈ ಅಭ್ಯಾಸಕ್ಕೆ ತೊಡಗಿತು.

1955ರ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ ಮುಂಬಯಿಯ ಡಾ. ಹೋಮಿ ಭಾಭಾ ಅವರು, ಎರಡು ದಶಕಗಳೊಳಗೆ ಈ ಶಕ್ತಿಯನ್ನು ಹತೋಟಿಗೆ ತರುವ ಮಾರ್ಗ ದೊರೆಯುವುದೆಂದು ನುಡಿದಿದ್ದರು. ಏಳು ದಶಕಗಳು ಸಂದುವು. ಇಂದಿಗೂ ಈ ಶಕ್ತಿಯಿಂದ ಯಾವ ಮನೆಯ ದೀಪವೂ ಹೊತ್ತಿಲ್ಲ.

ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯವು ಬೇರೊಂದು ದಾರಿ ಹಿಡಿದು, ಲೇಸರ್ ಕಿರಣಗಳಿಂದ ಇಂಧನದ ಕಿರುಗುಂಡನ್ನು ಹಿಂಡಿತು. 2022ರ ಡಿಸೆಂಬರ್ 5ರಂದು ಗುರಿಗೆ ಹೋದ ಶಕ್ತಿ 2.05 ಮೆಗಾಜೂಲ್, ಬಂದದ್ದು 3.15. ಲಾಭವೇ ಸರಿ. ಆದರೆ ಆ ಲೇಸರುಗಳನ್ನು ನಡೆಸಲು ತಂತಿಯಿಂದ ಎಳೆದದ್ದು ಸುಮಾರು 300 ಮೆಗಾಜೂಲ್!

ವಿಜ್ಞಾನಿಗಳ ಸಾಧನೆಗೆ ನಾವು ತಲೆಬಾಗುತ್ತೇವೆ. ಆದರೆ ಅಗ್ಗದ ವಿದ್ಯುತ್ತು ನಾಳೆಯೇ ಬರುವುದೆಂಬ ಸುದ್ದಿಯನ್ನು ಓದುವಾಗ ನಮ್ಮ ಬಂಧುಗಳು ಜಮೆಯನ್ನಷ್ಟೇ ನೋಡದೆ ಖರ್ಚಿನ ಪುಟವನ್ನೂ ತಿರುವಿ ನೋಡಲಿ.